ನಮ್ಮ ಊರು ಬೆಂಗಳೂರಿಗೆ ಸೇರಿದ್ದು

ಕೆಂಗೇರಿ ಪಕ್ಕದ ನಮ್ಮ ಊರನ್ನು ಬೆಂಗಳೂರಿಗೆ ಸೇರಿಸುವ ಮಾತು ಬಂದಾಗ ನಮ್ಮ ಮಾವನವರು ಪಂಚಾಯಿತಿ ಅಧ್ಯಕ್ಷರಾಗಿದ್ದರು. ಪಂಚಾಯಿತಿ ಹೋದರೆ ಅವರ ಅಧಿಕಾರವೂ ಹೋಗುತ್ತಿತ್ತು, ಅದಕ್ಕೇ ಅವರು ಬೇಡವೆನ್ನುತ್ತಿದ್ದರು. ಜಮೀನಿದ್ದವರಿಗೆ ಸೈಟಿನ ಬೆಲೆ ಏರುವ ಆಸೆ. ಮಾವನವರೆದುರು ಚುನಾವಣೆ ಸೋತವರಿಗೆ ಅವರ ಕುರ್ಚಿ ಹೋದರೆ ಸಾಕಿತ್ತು.

ಗ್ರಾಮಸಭೆಯ ದಿನ ಬೆಳಿಗ್ಗೆ ತಿಂಡಿ ಬಡಿಸುತ್ತಾ ಅತ್ತೆ ಕೇಳಿದರು: "ಬೋರ್‌ವೆಲ್ ಬತ್ತೋಗಿದೆ. ನಾನೂ ಸೊಸೇನೂ ಬಿಂದಿಗೆ ಹಿಡ್ಕೊಂಡು ಟ್ಯಾಂಕರ್ ಹಿಂದೆ ಓಡ್ತಾ ಇದೀವಿ. ನಿಮ್ಮ ಪಂಚಾಯ್ತಿ ಕಾವೇರಿ ನೀರು ತರುತ್ತಾ?"

"ನಮ್ಮ ಕೈಲಿ ಎಲ್ಲಿ ಆಗುತ್ತೆ?" ಅಂದರು ಮಾವ.

"ಹಂಗಾದ್ರೆ ತರೋರ ಜೊತೆ ಸೇರ್ಕೊಳ್ಳಿ."

ಮಾವನವರು ಕೈ ತೊಳೆದು ಸಭೆಗೆ ಹೊರಟರು. ಸಭೆಯಲ್ಲಿ ಎಲ್ಲರಿಗಿಂತ ಮೊದಲು ಒಪ್ಪಿಗೆಯ ಕೈ ಎತ್ತಿದವರು ಅವರೇ. ಎದುರು ಪಾರ್ಟಿಯವರು ಬೆಪ್ಪಾಗಿ ಕೂತರು.

ಊರು ಸೇರಿದ ಮೇಲೆ ಮೊದಲು ಏರಿದ್ದು ಮನೆ ಕಂದಾಯ. ನಲ್ಲಿಯಲ್ಲಿ ಕಾವೇರಿ ಕಾಣಲು ವರ್ಷಗಳೇ ಹಿಡಿದವು. ಈಗ ಬೀದಿದೀಪ ಕೆಟ್ಟರೆ ಮಾವನವರು ವಾರ್ಡ್ ಆಫೀಸಿಗೆ ಹೋಗಿ ಎಲ್ಲರಂತೆ ಸಾಲಿನಲ್ಲಿ ನಿಲ್ಲುತ್ತಾರೆ. ಅಲ್ಲಿನ ಹುಡುಗಿ, "ಅಂಕಲ್, ನಾಳೆ ಬನ್ನಿ" ಎನ್ನುತ್ತಾಳೆ. ಮರುದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮತ್ತೆ ಹೋಗುತ್ತಾರೆ.