ಎತ್ತಿನ ಮರೆಯ ಷಿಕಾರಿ

ನಮ್ಮ ಮಾವನವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಮೂವತ್ತು ನಲವತ್ತು ವರ್ಷ ಕೋವಿ ಹಿಡಿದು ಗುರಿ ನೋಡಿದ್ದರಿಂದ ಅದು ಊಟಕ್ಕೆ ಕೂತಾಗಲೂ ಪೂರ್ತಿ ತೆರೆಯುವುದನ್ನು ಮರೆತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬಡಿಸಿದ ಮುದ್ದೆಯನ್ನು ಅವರು ಹಾಗೆ ಒಂದು ಕಣ್ಣು ಕಿರಿದು ಮಾಡಿ ನೋಡಿದಾಗ, ಅಯ್ಯೋ ಶಿವನೇ, ಗಂಟು ಉಳಿದುಬಿಟ್ಟಿದೆಯೇನೋ ಎಂದು ನನ್ನ ಎದೆ ಡವಡವ ಹೊಡೆದುಕೊಂಡಿತ್ತು. ಆಮೇಲೆ ಗೊತ್ತಾಯಿತು, ಅವರು ಎಮ್ಮೆಯನ್ನೂ ಹಾಗೇ ನೋಡುತ್ತಾರೆ, ಬೀಗರನ್ನೂ ಹಾಗೇ ನೋಡುತ್ತಾರೆ.

ನನ್ನ ತವರು ಹಳೇಬೀಡು. ನಾನು ಅರ್ಧ ಬೆಳೆದದ್ದು ಪಕ್ಕದ ಜೈನರ ಮನೆಯಲ್ಲಿ. ಆ ಮನೆಯ ಅಜ್ಜಿ, ಹುಳು ಬಿದ್ದು ಸತ್ತೀತೆಂದು ಹೊತ್ತು ಮುಳುಗಿದ ಮೇಲೆ ಒಲೆಯನ್ನೇ ಹಚ್ಚುತ್ತಿರಲಿಲ್ಲ. ಅಂಥ ಅಜ್ಜಿಯ ಸೆರಗು ಹಿಡಿದು ಓಡಾಡಿದ ನಾನು ಬಾಣಾವರದ ಹತ್ತಿರದ ಹಳ್ಳಿಯೊಂದಕ್ಕೆ, ಷಿಕಾರಿಯವರ ಮನೆಗೆ ಸೊಸೆಯಾಗಿ ಬಂದೆ. ಎಪ್ಪತ್ತರ ದಶಕದ ಮಾತು ಇದು. ನಡುಮನೆಯ ಗೋಡೆಯಲ್ಲಿ ಜಿಂಕೆ ಕೊಂಬು, ಕೊಂಬಿಗೆ ನೇತುಹಾಕಿದ ಮಾವನವರ ಟೋಪಿ. ಮೊದಲ ವಾರವೆಲ್ಲ ನಾನು ಆ ಗೋಡೆಗೆ ಬೆನ್ನು ಮಾಡಿಯೇ ಕೂರುತ್ತಿದ್ದೆ.

ಊರಿನ ಬೆನ್ನಿಗೇ ಕಾವಲು. ಸರ್ಕಾರದ ಹುಲ್ಲುಗಾವಲು, ಹಿಂದೆ ಅರಸರ ದನ ಮೇಯುತ್ತಿದ್ದ ಜಾಗ. ಯಾರಪ್ಪನ ಗಂಟೂ ಅಲ್ಲವಾದ್ದರಿಂದ ಎಲ್ಲರ ದನವೂ ಅಲ್ಲೇ. ದನಗಳ ನಡುವೆ ಜಿಂಕೆಯ ಹಿಂಡು. ಷಿಕಾರಿ ಮಾಡಬಾರದೆಂದು ಹೊಸ ಕಾನೂನು ಬಂದಿದೆ ಎಂದು ಅರಣ್ಯ ಇಲಾಖೆಯ ಗಾರ್ಡು ಒಮ್ಮೆ ಹೇಳಿಹೋಗಿದ್ದರು. ಊರವರು "ಆಯ್ತು ಬುಡಿ ಸ್ವಾಮಿ" ಎಂದು ಎಳನೀರು ಕೊಟ್ಟು ಕಳಿಸಿದ್ದರು.

ಬಯಲಿನಲ್ಲಿ ಜಿಂಕೆಯ ಹತ್ತಿರ ಸುಳಿಯುವುದು ಹುಡುಗಾಟವಲ್ಲ. ಮರವಿಲ್ಲ, ಬಂಡೆಯಿಲ್ಲ. ಮನುಷ್ಯನ ತಲೆ ಫರ್ಲಾಂಗ್ ದೂರದಲ್ಲಿ ಕಂಡರೂ ನೆಗೆದು ಓಡುತ್ತವೆ. ಬೇರೆ ಷಿಕಾರಿಯವರು ಅಟ್ಟಿಸಿಕೊಂಡು ಹೋಗಿ ಬರಿಗೈಲಿ ಬರುತ್ತಿದ್ದರು. ಮಾವನವರು ಬರಿಗೈಲಿ ಬಂದದ್ದೇ ಇಲ್ಲ. ಅವರ ಗುಟ್ಟು ಒಂದು ಬಿಳಿ ಎತ್ತು. ಕಾವಲಿನ ಜಿಂಕೆಗೆ ದನವೆಂದರೆ ಭಯವಿಲ್ಲ. ಎತ್ತನ್ನು ಮೇಯಲು ಬಿಟ್ಟು, ಅದರ ಹೆಗಲ ಮರೆಯಲ್ಲಿ ಬಗ್ಗಿಕೊಂಡು ಮಾವನವರು ನಡೆಯುತ್ತಿದ್ದರು. ಎತ್ತು ನಿಂತರೆ ನಿಲ್ಲಬೇಕು, ಒಂದು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ. ಸೊಂಟದ ಚೀಲದಲ್ಲಿ ಬೂದಿ. ಆಗಾಗ ಚಿಟಿಕೆ ಉದುರಿಸಿ ಗಾಳಿ ಯಾವ ಕಡೆಗಿದೆ ಎಂದು ನೋಡುತ್ತಿದ್ದರು. ಹಿಂದಿನ ದಿನದಿಂದಲೇ ಬೀಡಿ ಇಲ್ಲ, ಸೋಪು ಇಲ್ಲ. ಒಂದು ಫರ್ಲಾಂಗ್ ಸಾಗಲು ಎರಡು ಗಂಟೆಯಾದರೂ ಅವರಿಗೆ ಬೇಸರವಿಲ್ಲ. "ಎತ್ತಿಗೇ ಅವಸ್ರ ಇಲ್ಲ, ನಂಗ್ಯಾಕವ್ವ?" ಎನ್ನುತ್ತಿದ್ದರು. ಕೇಪಿನ ಕೋವಿಗೆ ಒಂದು ಸಲಕ್ಕೆ ಒಂದೇ ಗುಂಡು. ಹೊಡೆದರೆ ಕೊಂಬಿನ ಗಂಡು, ಹೆಣ್ಣಿನ ತಂಟೆಗೆ ಹೋದವರಲ್ಲ.

ಇನ್ನೊಂದು ಕಟ್ಟುಪಾಡಿತ್ತು. ಬಸುರಿ ಇರುವ ಮನೆಯವರು ಪ್ರಾಣಿಯ ಮೇಲೆ ಗುಂಡು ಹಾರಿಸಬಾರದು. ಹಾರಿಸಿದರೆ ಬಸುರಿಗೂ ಕೇಡು, ಷಿಕಾರಿಗೂ ಕೇಡು. ಅದಕ್ಕೇ ಹೊರಡುವ ಮೊದಲು ಮಾವನವರು ಹೊಸ್ತಿಲಾಚೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು: "ಮನೇಲಿ ಬಸ್ರಿ ಹೆಣ್ಮಕ್ಕಳು ಯಾರಾರ ಇದ್ದೀರೇನ್ರವ್ವಾ? ಇದ್ರೆ ಈಗ್ಲೇ ಹೇಳ್ಬುಡಿ!" ಒಳಗಿನಿಂದ ಅತ್ತೆ "ಯಾರೂ ಇಲ್ಲ, ಹೋಗ್ಬನ್ನಿ" ಎಂದರೆ ಹೊರಟರು.

ನನಗೆ ಎರಡು ಸಲ ಬಸಿರು ನಿಂತು, ಮೂರು ತಿಂಗಳು ತುಂಬುವ ಮೊದಲೇ ಇಳಿದುಹೋಗಿತ್ತು. ಎರಡು ಸಲವೂ ಊರಿಗೆಲ್ಲ ಗೊತ್ತಾಗಿ, ಆಮೇಲೆ ಬೀದಿಯ ಹೆಂಗಸರೆಲ್ಲ ಬಂದು ಲೊಚಗುಟ್ಟಿ ಹೋಗಿದ್ದರು. ಸಮಾಧಾನಕ್ಕೆ ಬಂದವರೇ ಬಾಗಿಲು ದಾಟುತ್ತಲೇ "ಆ ಹೆಣ್ಣಿನ ಕಾಲ್ಗುಣ" ಎಂದದ್ದು ನನ್ನ ಕಿವಿಗೆ ಬಿದ್ದಿತ್ತು. ಮೂರನೇ ಸಲ ಮುಟ್ಟು ನಿಂತಾಗ, ಮೂರು ತುಂಬುವವರೆಗೆ ಗಂಡನಿಗೂ ಬಾಯಿ ಬಿಡಬಾರದೆಂದು ಮನೆದೇವರ ಮೇಲೆ ಆಣೆ ಇಟ್ಟುಕೊಂಡೆ. ನಡುವೆ ಒಂದು ತಿಂಗಳು ತವರಿನಲ್ಲಿದ್ದು ಬಂದದ್ದರಿಂದ ಅತ್ತೆಗೂ ಲೆಕ್ಕ ಸಿಕ್ಕಿಲ್ಲ ಎಂದುಕೊಂಡಿದ್ದೆ.

ಆಗ ಯುಗಾದಿ ಬಂತು. ಯುಗಾದಿಯ ಮಾರನೇ ದಿನ ಹೊಸತೊಡಕು. ಅವತ್ತು ನಮ್ಮ ಕಡೆ ಬಾಡಿನೂಟ ಇಲ್ಲದ ಮನೆಯಿಲ್ಲ. ಇಡೀ ಬೀದಿ ಮಾವನವರ ಜಿಂಕೆಗೇ ಕಾದಿತ್ತು. ಬೆಳಗಿನ ಜಾವ ಅವರು ಹೊಸ್ತಿಲಾಚೆ ನಿಂತು ಕೂಗಿದರು. ನಾನು ಒರಳಿನ ಮುಂದೆ ಕೂತು ಮಸಾಲೆ ಅರೆಯುತ್ತಿದ್ದೆ. ಅತ್ತೆ ನನ್ನ ಕಡೆ ಒಂದು ಸಲ ನೋಡಿದರು. ಬೀದಿಯಲ್ಲಿ ಹತ್ತು ಗಂಡಸರು ನಿಂತಿದ್ದರು. ನನ್ನ ನಾಲಿಗೆ ಏಳಲಿಲ್ಲ. "ಯಾರೂ ಇಲ್ಲ, ಹೋಗ್ಬನ್ನಿ" ಎಂದರು ಅತ್ತೆ.

ಒಂಬತ್ತು ಗಂಟೆಯ ಹೊತ್ತಿಗೆ ಮೊದಲು ಎತ್ತು ಬಂತು, ಹಿಂದೆ ಮಾವನವರು, ಅವರ ಹಿಂದೆ ಜಿಂಕೆ ಹೊರಲೆಂದು ಹೋದ ಗಂಡಸರು. ಹೊತ್ತದ್ದು ಏನೂ ಇಲ್ಲ. ಮೈದುನ ಒಳಗೆ ಬಂದು ಮೆಲ್ಲಗೆ ಹೇಳಿದ: "ಬಿದ್ದಿದ್ದು ಹೆಣ್ಣು ಕಣಕ್ಕ. ಗಬ್ಬ ಆಗಿತ್ತು. ಅಪ್ಪ ಮುಟ್ಟಗೊಡಲಿಲ್ಲ. ಅಲ್ಲೇ ಗುಂಡಿ ತೋಡ್ಸಿ ಮುಚ್ಸಿದ್ರು." ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ತಲೆ ಎತ್ತಿದರೆ ಬಾಗಿಲಲ್ಲಿ ಮಾವನವರು, ಅದೇ ಅರ್ಧ ಮುಚ್ಚಿದ ಕಣ್ಣಿನಿಂದ ನನ್ನ ಕೈಯನ್ನೇ ನೋಡುತ್ತಿದ್ದರು. ಹಾಗೇ ತಿರುಗಿ ಜಗಲಿಗೆ ಹೋದರು.

ಜಗಲಿಯಲ್ಲಿ ಊರೇ ಸೇರಿತ್ತು. ಪಟೇಲರು ಬಾಯಿಗೆ ಬಂದಂತೆ ಮಾತಾಡುವವರಲ್ಲ, ಆದರೆ ಅವತ್ತು ಅವರಿಗೂ ಗಾಬರಿ.

"ಕೇಳಿ ಹೊರಟ್ಯೇನಯ್ಯ ನೀನು?"

"ಕೇಳ್ದೆ, ಪಟೇಲ್ರೆ."

"ಹಂಗಾರೆ ಗಬ್ಬದ ಜಿಂಕೆ ಯಾಕೆ ಬಿತ್ತು? ನಿಮ್ಮನೇಲೇ ಯಾರೋ ಮುಚ್ಚಿಟ್ಟವ್ರೆ. ಇರೋಳು ಒಬ್ಳೇ ಸೊಸೆ. ಕರ್ದು ಕೇಳು."

ನಾನು ಬಾಗಿಲ ಹಿಂದೆ ನಿಂತಿದ್ದೆ. ಕರೆದಿದ್ದರೆ ಅಷ್ಟೂ ಜನರ ಮುಂದೆ ಹೌದು ಎನ್ನಬೇಕಿತ್ತು. ಆಮೇಲೆ ಈ ಬಸಿರೂ ಇಳಿದರೆ ಜಿಂಕೆಯ ಶಾಪ ಎನ್ನುತ್ತಿದ್ದರು, ಉಳಿದರೂ ಮಗುವಿಗೆ ಅದೇ ಹೆಸರು ಅಂಟುತ್ತಿತ್ತು. ಅಷ್ಟರಲ್ಲಿ ಮಾವನವರು ನಕ್ಕುಬಿಟ್ಟರು.

"ಸುಮ್ಕಿರಿ ಪಟೇಲ್ರೆ, ಹೆಣ್ಮಗಳನ್ನ್ಯಾಕೆ ಎಳೀತೀರಾ? ನನ್ ಕಣ್ಣೇ ಹೋಗೈತೆ. ಆರು ತಿಂಗ್ಳಿಂದ ಮಬ್ಬು. ಮಾನಕ್ಕಂಜಿ ಹೇಳ್ಕಂಡಿರ್ಲಿಲ್ಲ. ಗಂಡ್ಯಾವ್ದು ಹೆಣ್ಯಾವ್ದು ಕಾಣ್ದೇ ಹೊಡ್ದೆ. ಇನ್ ಕೋವಿ ಮುಟ್ಟಾಕಿಲ್ಲ, ಬುಡಿ."

ಕೋವಿಯನ್ನು ಹೆಂಡತಿಗಿಂತ ಹೆಚ್ಚು ಜೋಪಾನವಾಗಿ ಒರೆಸಿ ಇಟ್ಟುಕೊಂಡಿದ್ದ ಮನುಷ್ಯ! ಮರುವಾರವೇ ಅರಸೀಕೆರೆ ಠಾಣೆಗೆ ಹೋಗಿ ಅದನ್ನು ಒಪ್ಪಿಸಿ ಬಂದರು.

ಹೊಸತೊಡಕಿನ ಮಾರನೇ ದಿನ ನಾನು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಾಗ ಎತ್ತಿನ ಮೈ ತಿಕ್ಕುವ ನೆವದಲ್ಲಿ ಬಂದರು. ನಾನು ಅಳತೊಡಗಿದೆ. "ನಂದೇ ತಪ್ಪು ಮಾವಯ್ಯ" ಎಂದೆ.

"ಅಳ್ಬ್ಯಾಡ ಕಣವ್ವ. ಕೊಂಬಿನ ಗಂಡಿಗೇ ಗುರಿ ಇಟ್ಟಿದ್ದೆ. ಅದು ನೆಗೀತು, ಹಿಂದೆ ತಂಗಡಿ ಗಿಡದ ಮರೇಲಿ ಮಲಗಿದ್ದ ಹೆಣ್ಣಿಗೆ ಬಿತ್ತು. ನೀನ್ ಹೇಳ್ದೇ ಇದ್ದದ್ದು ತಪ್ಪಲ್ಲ. ನಾನ್ ಕೇಳಿದ್ದೇ ತಪ್ಪು. ಬೀದೀಲಿ ನಿಂತ್ಕಂಡು ಕೂಗಿದ್ರೆ ಯಾವ್ ಹೆಣ್ಣು ಹೇಳ್ತಾಳೆ? ಜಿಂಕೆ ಹತ್ರ ಎರಡು ಗಂಟೆ ಮೆಲ್ಲಗೆ ಹೋಗೋನು, ಮನೆ ಹೆಣ್ಮಕ್ಕಳ ಹತ್ರ ಹಂಗ್ ಹೋಗ್ಲಿಲ್ಲ."

ನನ್ನ ಅಪ್ಪನೂ ನನ್ನ ಹತ್ತಿರ ಹಾಗೆ ಮಾತಾಡಿದವರಲ್ಲ.

ಉಳಿದ ತಿಂಗಳುಗಳನ್ನು ಹೇಗೆ ಕಳೆದೆನೋ, ಆ ದೇವರಿಗೇ ಗೊತ್ತು. ದಿನಾ ಬೆಳಗ್ಗೆ ಆ ತಾಯಿ ಜಿಂಕೆ ಕಣ್ಣ ಮುಂದೆ ಬರುತ್ತಿತ್ತು. ಹೆರಿಗೆಗೆ ತವರಿಗೆ ಹೋಗುವವರೆಗೂ ದಿನಾ ಸಂಜೆ ಮಾವನವರು ಯಾರೂ ಇಲ್ಲದ ಹೊತ್ತು ನೋಡಿ "ಮುದ್ದೆ ಸೇರ್ತಾ ಐತಾ, ಮಗ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಕೊನೆಗೆ ಅಲ್ಲಿ ಹೆಣ್ಣು ಮಗು ಹುಟ್ಟಿತು, ಗಟ್ಟಿಮುಟ್ಟಾಗಿತ್ತು. ತವರಿನಲ್ಲಿ ಹೆತ್ತದ್ದರಿಂದ ನಮ್ಮ ಬೀದಿಯವರಿಗೆ ತಿಂಗಳ ಲೆಕ್ಕ ಸಿಗಲಿಲ್ಲ.

ಆದರೆ ಒಮ್ಮೆ ಹೇಳಿದ ಸುಳ್ಳನ್ನು ಅವರು ಸಾಯುವವರೆಗೆ ಸಾಕಬೇಕಾಯಿತು. ಊರ ಪಡ್ಡೆಗಳು "ಕುರುಡು ಷಿಕಾರಿ" ಎಂದು ರೇಗಿಸುತ್ತಿದ್ದರು. ಬಾಣಾವರದ ಬಸ್ಸು ಎದುರಿಗೇ ನಿಂತಿದ್ದರೂ "ಯಾವೂರ್ ಬಸ್ಸಪ್ಪ ಇದು?" ಎಂದು ಕೇಳಿಯೇ ಹತ್ತುತ್ತಿದ್ದರು. ಮನೆಯೊಳಗೆ ಬಂದರೆ ನಾನು ಕೇರಿಟ್ಟ ಅಕ್ಕಿಯಲ್ಲಿ ಕಲ್ಲು ಉಳಿದಿದ್ದರೆ ಹಾದುಹೋಗುತ್ತಲೇ ಹೆಕ್ಕಿ ನನ್ನ ಅಂಗೈಗೆ ಹಾಕುತ್ತಿದ್ದರು. ಕಳ್ಳ!

ಮೊಮ್ಮಗಳು ನಡೆಯುವಂತಾದ ಮೇಲೆ ಎತ್ತಿನ ಮರೆಯಲ್ಲಿ ಅವಳನ್ನು ಕಾವಲಿಗೆ ಕರೆದೊಯ್ಯುತ್ತಿದ್ದರು. ಅದೇ ಬೂದಿ, ಅದೇ ನಿಧಾನ, ಕೈಯಲ್ಲಿ ಕೋವಿ ಮಾತ್ರ ಇಲ್ಲ. ಮರಿಗಳು ಹಾಲು ಕುಡಿಯುವುದನ್ನು ನೋಡಿ ಬರುತ್ತಿದ್ದರು. "ತಾತ ಏಳು ಮರಿ ಎಣಿಸ್ತು!" ಎಂದು ಅವಳು ಬೀದಿಯಲ್ಲಿ ಕಿರುಚಿದರೆ, "ಎಣಿಸಿದ್ದು ನೀನು ಕಣೇ, ನಂಗೆಲ್ಲಿ ಕಾಣ್ತದೆ" ಎಂದು ಅವಳ ಬಾಯಿ ಮುಚ್ಚುತ್ತಿದ್ದರು.

ಅವಳಿಗೆ ಎಂಟು ವರ್ಷವಿದ್ದಾಗ, ಚಳಿಗಾಲದ ಒಂದು ಬೆಳಗ್ಗೆ, ಮಾವನವರು ಜಗಲಿಯ ಮೇಲೆ ಮಲಗಿದ್ದವರು ಏಳಲಿಲ್ಲ. ಮಣ್ಣಿಗೆ ಬಂದವರೆಲ್ಲ, ಪಟೇಲರೂ, "ಕಣ್ಣೊಂದು ಹೋಗ್ದಿದ್ರೆ ಅವನಂಥ ಷಿಕಾರಿ ಇರ್ಲಿಲ್ಲ" ಎಂದರು. ನಾನು ಆಗಲೂ ಬಾಯಿ ಬಿಡಲಿಲ್ಲ.

ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ತಡೆಯಲಾಗಲಿಲ್ಲ. ಅತ್ತೆ ನಡುಮನೆಯಲ್ಲಿ ಅರ್ಧ ಹೊಲಿದ ಕೌದಿಯನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. "ಅತ್ತೆಮ್ಮ, ಮಾವಯ್ಯನ ಕಣ್ಣಿಗೆ ಏನೂ ಆಗಿರ್ಲಿಲ್ಲ. ಅವತ್ತು ನಾನು ಬಸ್ರಿ. ನನಗೋಸ್ಕರ ಕುರುಡ ಅನ್ನಿಸ್ಕೊಂಡ್ರು."

ಅತ್ತೆ ಬೈಯಲಿಲ್ಲ, ಅಳಲೂ ಇಲ್ಲ. ಕೌದಿಯ ಮೇಲೆ ಕೈಯಾಡಿಸುತ್ತ ಹೇಳಿದರು: "ಗೊತ್ತು ಕಣೇ. ನೀನು ಬಸ್ರಿ ಅಂತ ನಿನ್ ಮುಖ ನೋಡಿದ್ ದಿನಾನೇ ಗೊತ್ತಿತ್ತು. ನೀನೇ ಹೇಳ್ದೇ ಇರುವಾಗ ನಾನ್ಯಾಕೆ ಬೀದಿಗೆ ಹೇಳ್ಲಿ ಅಂತ ಯಾರೂ ಇಲ್ಲ ಅಂದೆ. ಇನ್ ಅವರ ಕಣ್ಣು... ಇಷ್ಟು ವರ್ಷ ನನ್ ಸೂಜಿಗೆ ದಾರ ಪೋಣಿಸ್ಕೊಟ್ಟೋರು ಯಾರು ಅಂದ್ಕಂಡಿದ್ದೀಯಾ?"

ಆಮೇಲೆ ಸೂಜಿಯನ್ನೂ ದಾರವನ್ನೂ ನನ್ನ ಕೈಗಿಟ್ಟರು. ಕಣ್ಣು ತುಂಬಿದ್ದರಿಂದ ನನಗೆ ಸೂಜಿಯ ಕಣ್ಣು ಬೇಗ ಸಿಗಲಿಲ್ಲ. ಅತ್ತೆ ಕಾದರು. ಅವರು ಇರುವವರೆಗೂ ಆ ಕೆಲಸ ನನ್ನದಾಯಿತು.