ಪಿಂಗಾಣಿ ಕೋಳಿಯ ಶಂಕ್ರಮ್ಮ ದೊಡ್ಡಮ್ಮ

ಶಂಕ್ರಮ್ಮ ದೊಡ್ಡಮ್ಮ ಕೋಳಿಯ ಬೆನ್ನು ಹಿಡಿದೆತ್ತಿದಳೆಂದರೆ ಅದರ ಹೊಟ್ಟೆಯೊಳಗಿಂದ ಬದನೆಕಾಯಿ ಎಣ್ಣೆಗಾಯಿಯ ಹಬೆ ಭುಸ್ಸೆಂದು ಏಳುತ್ತಿತ್ತು! ಮೊಟ್ಟೆಯನ್ನೂ ಮುಟ್ಟದ ಲಿಂಗವಂತರ ಮನೆ ಅದು. ಆದರೂ ಊಟದ ಮೇಜಿನ ನಟ್ಟನಡುವೆ ಕೆಂಪು ಜುಟ್ಟಿನ ಬಿಳಿ ಪಿಂಗಾಣಿ ಕೋಳಿಯೊಂದು ಕಾವಿಗೆ ಕೂತಂತೆ ಕೂತಿರುತ್ತಿತ್ತು. ಪಕ್ಕದಲ್ಲಿ ಶೇಂಗಾ ಚಟ್ನಿ ತುಂಬಿದ ಮೊಲ, ಮೊಸರು ತುಂಬಿದ ಮೀನು, ಕೊಕ್ಕಿನಿಂದ ತುಪ್ಪ ಸುರಿಯುವ ಬಾತುಕೋಳಿ.

ದೊಡ್ಡಮ್ಮ ನನ್ನ ಅವ್ವನ ಅಕ್ಕ. ಕುರುಗೋಡಿನ ಹತ್ತಿ ವ್ಯಾಪಾರದ ದೊಡ್ಡ ಮನೆಗೆ ಸೊಸೆಯಾಗಿ ಹೋದವಳು. ವಿಲಾಯಿತಿಯ ಶ್ರೀಮಂತರ ಮನೆಗಳಿಗೆಂದು ತಯಾರಾದ ಆ ಪಾತ್ರೆಗಳನ್ನು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿದ್ದ ದೊರೆಯೊಬ್ಬ ತರಿಸಿಕೊಂಡಿದ್ದನಂತೆ. ಅವನು ಸ್ವದೇಶಕ್ಕೆ ಹೊರಟಾಗ ನಡೆದ ಹರಾಜಿನಲ್ಲಿ ಈ ಮನೆಯ ಹಿರಿಯರು ಕೊಂಡು ತಂದರು. ಅವುಗಳಲ್ಲಿ ಉಣ್ಣುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. ಪಾತ್ರೆಗಳು ಗಾಜಿನ ಕಪಾಟು ಸೇರಿದವು, ಅದರ ಕೀಲಿ ಅತ್ತೆಯ ಸೊಂಟ ಸೇರಿತು. ಅತ್ತೆ ತೀರಿಕೊಂಡು ಕೀಲಿ ಕೈಗೆ ಬಂದ ಮೇಲೆ ದೊಡ್ಡಮ್ಮ ಎಲ್ಲವನ್ನೂ ಹೊರಗೆ ತೆಗೆದು ತೊಳೆಯಲು ಕೂತಳು.

"ಒಡದ್ರ ಏನ್ ಗತಿ?" ಎಂದು ದೊಡ್ಡಪ್ಪ ಗಾಬರಿಯಾದ.

"ಉಣಾಕ ಮಾಡಿದ್ದನ್ನ ಕೀಲಿ ಹಾಕಿ ಇಟ್ರ ಅವು ಉಪವಾಸ ಬಿದ್ದಂಗಲ್ಲೇನ್ರಿ? ನಾ ಇರೋತನ ಇವು ಹೊಟ್ಟಿ ತುಂಬ ಇರ್ತಾವ."

ಅವುಗಳನ್ನು ತೊಳೆಯಲು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ತೊಳೆಯುತ್ತಾ ಮಾತಿಗಿಳಿಯುತ್ತಿದ್ದಳು: "ಏನವ್ವಾ ಕೋಳಕ್ಕ, ಇವತ್ತು ಪುಂಡಿಪಲ್ಯ ಹಾಕ್ಲೇನು?" ಉತ್ತರ ಬಂತೆಂಬಂತೆ ತಾನೇ ನಗುತ್ತಿದ್ದಳು. ಆ ನಗು ಬೀದಿಯ ತುದಿಗೆ ಕೇಳುತ್ತಿತ್ತು.

ನನ್ನ ಮದುವೆಯ ಮಾತುಕತೆಯೂ ಆ ಮೇಜಿನ ಮೇಲೆಯೇ ನಡೆಯಿತು. ಬಳ್ಳಾರಿಯ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಸಿರುಗುಪ್ಪದ ವೀರೇಶನನ್ನು ನಾನು ಮೆಚ್ಚಿದ್ದೆ, ಅವನೂ ನನ್ನನ್ನು ಮೆಚ್ಚಿದ್ದ. ಆದರೆ ಅವನ ಮನೆಯಲ್ಲಿ ದೇಶನೂರಿನ ಸೋದರಮಾವ ಗಾದಿಲಿಂಗಪ್ಪನವರು ಹೂಂ ಅನ್ನದೆ ಯಾವ ಕೆಲಸವೂ ಆಗುತ್ತಿರಲಿಲ್ಲ. ಅಕ್ಕಿ ಗಿರಣಿಯ ಯಜಮಾನರು, ಮಡಿವಂತರು, ಮಾತು ಕಡಿಮೆ. "ನನ್ನ ಮನ್ಯಾಗ ಉಣ್ಣಲಿ, ಆಮ್ಯಾಲ ಹೆಂಗ ಒಲ್ಲೆ ಅಂತಾರ ನೋಡ್ತೀನಿ" ಎಂದು ದೊಡ್ಡಮ್ಮ ಎಲ್ಲರನ್ನೂ ಕುರುಗೋಡಿಗೇ ಕರೆಸಿದಳು. "ಇವತ್ತೊಂದಿನ ಸ್ಟೀಲ್ ಡಬರಿ ಇಡಕ್ಕಾ" ಎಂದು ಅವ್ವ ಅಡುಗೆಮನೆಯಲ್ಲಿ ಕೈ ಹಿಡಿದು ಬೇಡಿದಳು. ಕೇಳಿದರೆ ತಾನೇ!

ಕೋಳಿಯನ್ನು ಕಂಡದ್ದೇ ಗಾದಿಲಿಂಗಪ್ಪನವರು ಎದ್ದು ನಿಂತರು.

"ಕುಂದರ್‍ರಿ ಯಜಮಾನ್ರ, ಅದು ಪಿಂಗಾಣಿ" ಎಂದಳು ದೊಡ್ಡಮ್ಮ.

"ಆಕಾರ ಕೋಳೀದು ಐತಲ್ಲಮ್ಮಾ. ಅದರಾಗಿಂದ ಬಡಿಸಿಕೊಂಡು ಹೆಂಗ ಉಣ್ಣಾಕ ಬರ್ತೈತಿ?"

"ಬರೋವಾಗ ನಮ್ಮೂರ ದೊಡ್ಡ ಬಸವಣ್ಣಗ ಕೈ ಮುಗದ್ರೇನು?"

"ಮುಗದ್ವಿ."

"ಆಕಾರ ಎತ್ತಿಂದು ಐತಿ ಅಂತ ಹುಲ್ಲು ಹಾಕಿ ಬಂದ್ರೇನು ಮತ್ತ?"

ಮೊದಲು ನಕ್ಕವನು ವೀರೇಶ. ನಕ್ಕವನೇ ತನ್ನ ತಟ್ಟೆಯನ್ನು ಕೋಳಿಯ ಮುಂದೆ ಹಿಡಿದ. ಗಾದಿಲಿಂಗಪ್ಪನವರು ಮೀಸೆಯೊಳಗೆ ನಗು ತಡೆಯಲು ನೋಡಿ, ಆಗದೆ, ಕೂತುಬಿಟ್ಟರು. ಎಣ್ಣೆಗಾಯಿ ಬಾಯಿಗೆ ಬಿದ್ದ ಮೇಲೆ ಕೇಳಬೇಕೆ? ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡರು. ಆ ಹುರುಪಿನಲ್ಲಿ ಬಾತುಕೋಳಿಯ ಕುತ್ತಿಗೆಗೆ ಕೈ ಹಾಕಿ ತಾವೇ ತುಪ್ಪ ಬಗ್ಗಿಸಿಕೊಳ್ಳಲು ಹೋದರು. ಅದು ತಟ್ಟೆಯ ಅಂಚಿಗೆ ಬಡಿದು, ಕೊಕ್ಕು ಟಣ್ಣೆಂದು ಮುರಿದು ತುಪ್ಪದಲ್ಲಿ ಬಿತ್ತು!

ದೊಡ್ಡಪ್ಪ ಕಣ್ಣು ಮುಚ್ಚಿಕೊಂಡ. ಗಾದಿಲಿಂಗಪ್ಪನವರ ಮುಖ ಕಪ್ಪಿಟ್ಟಿತು. ದೊಡ್ಡಮ್ಮ ಮಾತ್ರ ಚಪ್ಪಾಳೆ ತಟ್ಟಿದಳು. "ಆತು ಬಿಡ್ರಿ ಬೀಗರ! ಇಷ್ಟು ಹಳೇ ಬಾತುಕೋಳಿ ಮುರದ ಮ್ಯಾಲೆ ಸಂಬಂಧ ಒಲ್ಲೆ ಅಂದು ಹೋಗಾಕ ನಾ ಬಿಡ್ತೀನೇನು?"

ಗಾದಿಲಿಂಗಪ್ಪನವರು ಕೈ ಮುಗಿದೇಬಿಟ್ಟರು. "ನಿಮ್ಮ ಹುಡುಗಿ ನಮ್ಮಾಕಿ ಆದ್ಲು ತಾಯಿ."

ಹೋದ ದೀಪಾವಳಿಗೆ ದೊಡ್ಡಮ್ಮನನ್ನು ನೋಡಿದ್ದೇ ಕೊನೆ. ಅಂಥ ಪಾತ್ರೆಗಳನ್ನು ಈಗಲೂ ಮಾಡುತ್ತಾರೆಂದು ನನ್ನ ಫೋನಿನಲ್ಲಿ ತೋರಿಸಿದೆ. ಕನ್ನಡಕ ಏರಿಸಿ, ಒಂದೊಂದಕ್ಕೂ "ಅಯ್ಯೋ, ಆಮಿ ನೋಡು! ಏ, ಹಂಸ ನೋಡು!" ಎಂದು ಮಗುವಿನಂತೆ ಕೂಗಿದಳು. ಕೊನೆಗೆ ಆನೆಯ ಮೇಲೆ ಬೆರಳಿಟ್ಟಳು. "ಇದನ್ನ ತರಸು ಸುಮಾ. ಅನ್ನ ಬೇಕಾದಷ್ಟು ಹಿಡೀತೈತಿ."

ಆನೆ ಬರುವ ಮೊದಲೇ ಅವಳು ಹೋದಳು. ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ. ಅವಳ ಶಿವಗಣಾರಾಧನೆಯ ಹಿಂದಿನ ದಿನ ಆನೆಯ ಪೆಟ್ಟಿಗೆ ಬಂತು. ತೆರೆಯುವ ಮನಸ್ಸು ನಮಗ್ಯಾರಿಗೂ ಇರಲಿಲ್ಲ. ಮರುದಿನ ಪಂಗ್ತಿ ಕೂತಾಗ ದೊಡ್ಡಪ್ಪ ತಾನೇ ಅದನ್ನು ಬಿಚ್ಚಿ, ಆನೆಯನ್ನು ತೊಳೆದು, ಬಿಸಿ ಅನ್ನ ತುಂಬಿ, ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಬಂದ. ನಾನು ಹಿಡಿಯಲು ಹೋದೆ. ಬೇಡವೆಂದು ತಲೆಯಾಡಿಸಿದ. ಮೊದಲ ಎಲೆಯ ಮುಂದೆ ಬಗ್ಗಿ, "ನಮ್ಮ ಶಂಕ್ರಿ ತರಿಸಿದ್ದು" ಎಂದ. ಮುಂದಿನ ಎಲೆಯವರಿಗೂ ಅದನ್ನೇ ಹೇಳಿದ. ಹಾಗೆ ಹೇಳುತ್ತಲೇ ಸಾಲಿನ ಕೊನೆಯವರೆಗೂ ಬಡಿಸಿದ.