ಗುಡುಗಿಗೆ ಕಿತ್ತ ಪ್ಲಗ್ಗು

ಮನೆಯ ಕಂಪ್ಯೂಟರಿನ ಸಿ ಡ್ರೈವ್ ತುಂಬಿ ಹೋಗಿತ್ತು. ಡಿ ಡ್ರೈವ್ ಬಹುಪಾಲು ಬೀಳು ಬಿದ್ದಿತ್ತು. ಅದರಲ್ಲಿದ್ದದ್ದು ಅವ್ವನನ್ನು ಎಂಟು ದಿನ ಕೂರಿಸಿ ರೆಕಾರ್ಡ್ ಮಾಡಿದ ಸೋಬಾನ ಪದಗಳು ಮಾತ್ರ. ಒಂದು ಮಧ್ಯಾಹ್ನ, ಡಿಯ ಜಾಗ ಕಡಿದು ಸಿಗೆ ಸೇರಿಸುವ ಮಹತ್ಕಾರ್ಯಕ್ಕೆ ಕೈಹಾಕಿದೆ. ಎಲ್ಲದರ ನಕಲು ತೆಗೆದಿಟ್ಟಿದ್ದೀರಾ ಎಂದು ಪರದೆ ಎರಡು ಸಲ ಕೇಳಿತು. ತೆಗೆದಿರಲಿಲ್ಲ. ಆದರೂ ಕಟಕಟೆಯಲ್ಲಿ ನಿಂತ ಸಾಕ್ಷಿಯಂತೆ ಎರಡೂ ಸಲ ಹೌದೆಂದೆ. ಮಧ್ಯೆ ಕರೆಂಟು ಹೋಗಬಾರದು ಎಂದೂ ಅದು ಎಚ್ಚರಿಸಿತ್ತು. ಆ ದಿನ ಕರೆಂಟು ಅಪರೂಪಕ್ಕೆ ನಿಯತ್ತಿನಿಂದಿತ್ತು.

ಅರ್ಧ ಕೆಲಸ ಆದಾಗ ಚಹಾಕ್ಕೆಂದು ಎದ್ದೆ. ನವಲಗುಂದದ ಕಡೆ ಗುಡುಗಿತು. ಗುಡುಗಿದರೆ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುವುದು ನಮ್ಮಲ್ಲಿ ಹಿರಿಯರ ಹಕ್ಕು. ತಿರುಗಿ ಬಂದರೆ ಪರದೆ ಕಪ್ಪು. ವೈರು ಅವ್ವನ ಕೈಯಲ್ಲಿ.

“ಸಿಡ್ಲ ಬಡದಿದ್ರ ನನ್ನ ಹಾಡೆಲ್ಲಾ ಸುಟ್ಟ ಹೋಗತಿದ್ವು. ಉಳಿಸೇನಿ ನೋಡು.”

“ಯವ್ವಾ, ನೀನ ಕೆಡಿಸಿದೆಲ್ಲಬೇ!”

ಡಿ ಡ್ರೈವ್ ಮತ್ತೆ ತೆರೆಯಲೇ ಇಲ್ಲ. ಅವ್ವ ಕದಲಲಿಲ್ಲ.

“ಹಾಡು ಹೋದ್ರ ಏನಾತು? ಹಾಡಾಕಿ ನಾ ಇಲ್ಲೇ ಅದೇನಲ್ಲ. ಕುಂದರು, ಮತ್ತ ಹಾಡತೇನಿ.”

ಮೊಬೈಲು ಹಿಡಿದು ಕುಳಿತೆ. ಮೊದಲ ಪದದ ಎರಡನೇ ಸಾಲಿಗೇ ಅವ್ವ ನಿಂತಳು.

“ಮುಂದಿಂದು ಏನಿತ್ತಲೇ? ಅದನ್ನೊಂದಿಷ್ಟು ಕಂಪ್ಯೂಟರ್‌ದಾಗ ಹಚ್ಚು, ಕೇಳಿ ಹೇಳತೇನಿ.”